ಅಕ್ಕನ ಕೊನೆಯ ಇಪ್ಪತ್ತು ಮಾತು

ಜೂನ್ ೨, ಸೋಮವಾರ

ಬೀಗದ ನಂಬರು ಬರೆದಿಡುವ ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದೇನೆ. ಮುಂಬದಿಯಲ್ಲಿ ಯಾವ ಗಿರಾಕಿಯ ಕೀಗೆ ಎಷ್ಟು ಹಲ್ಲು ಎಂಬ ವಿವರವಿದೆ. ಹಿಂಬದಿಯನ್ನು ಅಕ್ಕ ತೆರೆದು ನೋಡುವುದಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೀತು. ಆದರೆ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ನನಗಿರುವುದು ಅಕ್ಕ ಒಬ್ಬಳೇ, ಮತ್ತು ಇದು ಅವಳಿಗೇ ಹೇಳಬಾರದ ಸಂಗತಿ.

ಅಕ್ಕನ ಧ್ವನಿ ಕಳೆದುಬಿಟ್ಟಿದ್ದೇನೆ.

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ತಲೆಬುಡ ತಿಳಿಯುವುದಿಲ್ಲ. ಅಕ್ಕನ ಗಂಟಲಲ್ಲಿ ಗೆಡ್ಡೆಯಾಗಿತ್ತು. ಕಳೆದ ಸೋಮವಾರ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಮಾತು ನಿಂತವರಿಗೆ ದಾರಿ ತೋರಿಸುವ ಮೇಡಂ ಒಬ್ಬರು ಅಲ್ಲಿದ್ದಾರೆ. ನಾವು ಅವರನ್ನು ಮಾತಿನ ಮೇಡಂ ಅನ್ನುತ್ತೇವೆ. ಅವರು ಒಂದು ತಿಂಗಳು ಮೊದಲೇ ನಾನೂರು ವಾಕ್ಯಗಳ ಪಟ್ಟಿ ಕೊಟ್ಟು, ಅಕ್ಕ ಅವನ್ನೆಲ್ಲ ಓದಿ ತನ್ನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಡಲಿ ಎಂದಿದ್ದರು. ಆಮೇಲೆ ಅಕ್ಕ ಟೈಪ್ ಮಾಡಿದ್ದನ್ನು ಯಂತ್ರ ಅಕ್ಕನ ಧ್ವನಿಯಲ್ಲೇ ನುಡಿಯುತ್ತದಂತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಒಂದೊಂದು ವಾಕ್ಯಕ್ಕೂ ಒಂದು ಗುಟುಕು ಬಿಸಿನೀರು ಕುಡಿದು, ಹತ್ತೊಂಬತ್ತು ದಿನ ಓದಿದಳು. ಕೊನೆಕೊನೆಗೆ ಧ್ವನಿ ಅರ ಉಜ್ಜಿದ ಹಾಗೆ ಕೇಳುತ್ತಿತ್ತು. ಆದರೂ ಅಕ್ಕನದೇ.

ಆ ನುಡಿಸುವ ಪ್ರೋಗ್ರಾಂ ಅಕ್ಕನ ಹನ್ನೊಂದು ವರ್ಷದ ಲ್ಯಾಪ್‌ಟಾಪಿನ ಸಿಸ್ಟಂನಲ್ಲಿ ಓಡುವುದಿಲ್ಲ. ಅದರ ಪಕ್ಕಕ್ಕೆ ಎರಡನೆಯ ಸಿಸ್ಟಂ ಹಾಕಬೇಕು. ಡಿಸ್ಕಿನಲ್ಲಿ ಅರ್ಧ ಜಾಗ ಹಿಂದಿನಿಂದಲೂ ಖಾಲಿ ಬಿದ್ದಿದೆ, ಹೊಸದು ಅಲ್ಲಿ ಕೂರುತ್ತದೆ. ಆನ್ ಮಾಡಿದಾಗ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತದೆ, ಒಂದು ಮನೆಗೆ ಎರಡು ಬಾಗಿಲು ಇದ್ದಂತೆ. ಮೇಡಂ ಒಂದು ಪೆನ್‌ಡ್ರೈವ್ ಕೊಟ್ಟು, ಏನೇನು ಮಾಡಬೇಕೆಂದು ಒಂಬತ್ತು ಸಾಲು ಬರೆದ ಕಾಗದವನ್ನೂ ಕೊಟ್ಟಿದ್ದರು. ಬೀಗದವರಿಗೆ ಇದೇನು ಮಹಾ ಎಂದು ನಕ್ಕಿದ್ದರು. ಮಂಗನ ಕೈಗೆ ಮಾಣಿಕ್ಯ.

ಇವತ್ತು ಬೆಳಿಗ್ಗೆ ಶಟರ್ ಅರ್ಧ ಎಳೆದುಕೊಂಡು ಕೂತೆ. ಮುಗಿದ ಸಾಲಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದೆ. ಮೊದಲ ಸಾಲು ಮಾತ್ರ ಬಿಟ್ಟೆ. ರೆಕಾರ್ಡ್ ಆಗಿರುವುದರ ಇನ್ನೊಂದು ಪ್ರತಿ ಬೇರೆ ಕಡೆ ತೆಗೆದಿಡಿ ಎಂದಿತ್ತು. ನಮ್ಮ ಅಪ್ಪ ಹೇಳುತ್ತಿದ್ದರು, ಊರಿಗೆಲ್ಲ ಡೂಪ್ಲಿಕೇಟ್ ಕೀ ಮಾಡಿಕೊಡು, ನಿನ್ನ ಮನೆ ಬೀಗಕ್ಕೆ ಮಾತ್ರ ಮಾಡಬೇಡ, ಎರಡು ಕೀ ಇದ್ದರೆ ಅರ್ಧ ಬೀಗ ಎಂದು. ಈ ಅಂಗಡಿಯ ಶಟರಿಗೆ ಇವತ್ತಿಗೂ ಒಂದೇ ಕೀ. ಅದು ನನ್ನ ಹತ್ತಿರವಿದ್ದರೆ ಅಕ್ಕ ಬೀದಿಯಲ್ಲಿ ಕಾಯುತ್ತಾಳೆ, ಅಕ್ಕನ ಹತ್ತಿರವಿದ್ದರೆ ನಾನು. ಅಕ್ಕನ ಧ್ವನಿಗೆ ಡೂಪ್ಲಿಕೇಟ್ ಮಾಡಲು ಕೈ ಬರಲಿಲ್ಲ.

ಎಲ್ಲ ಮುಗಿಸಿ ಆನ್ ಮಾಡಿದೆ. ಯಾವ ಬಾಗಿಲು ಎಂದು ಅದು ಕೇಳಲೇ ಇಲ್ಲ. ಸೀದಾ ಹೊಸ ಸಿಸ್ಟಂ ಬಂದು ಕೂತಿತು. ಹಳೆಯದರ ಸುಳಿವಿಲ್ಲ. ಏಳು ಸಲ ಆಫ್ ಮಾಡಿ ಆನ್ ಮಾಡಿದೆ. ಏಳನೆಯ ಸಲ ನೆಲದ ಮೇಲೆ ಕೂತುಬಿಟ್ಟೆ.

ಜೂನ್ ೩, ಮಂಗಳವಾರ

ನಾಲ್ಕು ಗಂಟೆಗೆ ಆಸ್ಪತ್ರೆ. ಕಾರಿಡಾರಿನಲ್ಲಿ ಮೂರು ಸಲ ಹಿಂದೆ ತಿರುಗಿದೆ. ಮೂರನೆಯ ಸಲ ಒಬ್ಬ ನರ್ಸ್ ದಾರಿ ತಪ್ಪಿತೇ ಎಂದು ಕೇಳಿ ಕೈಹಿಡಿದು ಅಕ್ಕನ ಮಂಚದವರೆಗೆ ಬಿಟ್ಟುಹೋದರು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಮೂಗಿನಲ್ಲಿ ನಳಿಕೆ. ಕತ್ತಿನಲ್ಲಿ ಉಸಿರಾಡಲು ಮಾಡಿದ ತೂತು, ಅದರ ಮೇಲೆ ತೆಳು ಬಟ್ಟೆ. ಅದನ್ನು ನೋಡಲಾಗುವುದಿಲ್ಲ ನನಗೆ. ಅವಳ ಸ್ಲೇಟನ್ನೇ ನೋಡುತ್ತ ಕೂತೆ. ಸ್ಲೇಟಿನಲ್ಲಿ ಬರೆದಳು, ಆಯ್ತಾ? ತಲೆಯಾಡಿಸಿದೆ. ಒರೆಸಿ ಮತ್ತೆ ಬರೆದಳು, ಎರಡೂ ಬಾಗಿಲು? ಅದಕ್ಕೂ ತಲೆಯಾಡಿಸಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಬಾಯಿ ಬಿಡಲೇ ಇಲ್ಲ. ಪಕ್ಕದ ಮಂಚದವರ ಮಗಳು, ಎಷ್ಟು ಶಾಂತವಾಗಿದ್ದೀರಿ ಅಕ್ಕ ತಮ್ಮ ಎಂದಳು.

ಅಂಗಡಿಯಲ್ಲಿ ಮಾತೆಲ್ಲ ಅಕ್ಕನದು, ಕೈಯೆಲ್ಲ ನನ್ನದು. ನಲವತ್ತು ವರ್ಷದಿಂದ ಹಾಗೇ ನಡೆದಿದೆ. ಗಿರಾಕಿ ಬಂದರೆ ಅವಳು ಎದುರು ನಿಂತು ನಗುತ್ತಾಳೆ, ಗದರುತ್ತಾಳೆ, ಕಥೆ ಕೇಳುತ್ತಾಳೆ. ನಾನು ಹಿಂದೆ, ಕೀ ಕಚ್ಚಿಸಿ ಹಿಡಿಯುವ ವೈಸಿನ ಮೇಲೆ ಬಗ್ಗಿರುತ್ತೇನೆ. ಇವತ್ತು ಒಬ್ಬರು ಬಂದು, ಯಾರಿದ್ದೀರಿ ಎಂದು ಮೂರು ಸಲ ಕೂಗಿದರು. ಕೀ ಕೊರೆಯುವ ಯಂತ್ರದ ಹಿಂದೆ ಅಡಗಿಕೊಂಡೆ. ಐವತ್ತೆಂಟು ವರ್ಷದ ಗಂಡಸು.

ಜೂನ್ ೪, ಬುಧವಾರ

ಹೆದರಿಕೆ. ಬೇರೇನೂ ಇಲ್ಲ ಬರೆಯಲು.

ಜೂನ್ ೬, ಶುಕ್ರವಾರ

ಬೆಳಿಗ್ಗೆ ಹೊಸ ಸಿಸ್ಟಂನಲ್ಲಿ ಅಲ್ಲಿ ಇಲ್ಲಿ ಒತ್ತುತ್ತಿದ್ದಾಗ ಹಳೆಯದು ಇದ್ದ ಜಾಗ ಒಂದು ಪೆಟ್ಟಿಗೆಯ ಚಿತ್ರವಾಗಿ ಕಂಡಿತು. ಅಂದರೆ ಅಳಿಸಿಹೋಗಿಲ್ಲ. ಹೋದ ಜೀವ ಬಂದಂತಾಯಿತು. ಆ ಚಿತ್ರವನ್ನು ಒತ್ತಿದೆ. ತೆರೆಯಲಾಗದು, ಈ ಡಿಸ್ಕಿನ ಸಿಸ್ಟಂ ನಿದ್ದೆಯಲ್ಲಿದೆ, ಮೊದಲು ಅದರೊಳಗೆ ಹೋಗಿ ಸರಿಯಾಗಿ ಮುಚ್ಚಿ ಬನ್ನಿ ಎಂದು ಬಂತು. ಒಳಗೆ ಹೋಗಲು ಬಾಗಿಲಿಲ್ಲ ಎಂದೇ ಅಲ್ಲವೇ ನಾನು ಒದ್ದಾಡುತ್ತಿರುವುದು? ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡವರು ವಾರಕ್ಕೆ ನಾಲ್ಕು ಜನ ನಮ್ಮಲ್ಲಿಗೆ ಬರುತ್ತಾರೆ. ಅವರ ಮುಖ ಯಾಕೆ ಹಾಗಿರುತ್ತದೆ ಎಂದು ಇವತ್ತು ತಿಳಿಯಿತು.

ಎದುರುಗಡೆಯ ಜೆರಾಕ್ಸ್ ಅಂಗಡಿಯ ಹೆಂಗಸು ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತಾರೆ. ಹೇಳಬೇಕಾದ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ರಸ್ತೆ ದಾಟಿದೆ. ಅಲ್ಲಿ ಹೋದಾಗ ಎರಡೇ ನೆನಪಿದ್ದವು. ಅವರು ನೋಡಿ, ಲ್ಯಾಪ್‌ಟಾಪನ್ನು ಯಾವತ್ತೂ ಆಫ್ ಮಾಡುತ್ತಿರಲಿಲ್ಲವೇ ಎಂದು ಕೇಳಿದರು. ಅಕ್ಕ ಆಫ್ ಮಾಡಿದ್ದನ್ನು ನಾನು ನೋಡಿಲ್ಲ. ಮುಚ್ಚಳ ಹಾಕಿದರೆ ಮುಗಿಯಿತು ಅವಳಿಗೆ. ಬ್ಯಾಟರಿ ಇಳಿಯುತ್ತ ಬಂದಾಗ ಸಿಸ್ಟಂ ತೆರೆದಿದ್ದನ್ನೆಲ್ಲ ಹಾಗೇ ಮಡಿಲಲ್ಲಿ ಕಟ್ಟಿಕೊಂಡು ಮಲಗಿದೆ ಎಂದು ಅವರು ವಿವರಿಸಿದರು. ಒಳಗೆ ಕೈ ಹಾಕದೆ ಕಿಟಕಿಯಿಂದ ನೋಡಿದ ಹಾಗೆ ಬರೀ ನೋಡಬಹುದಂತೆ. ಏನೋ ಟೈಪ್ ಮಾಡಿದರು. ಪೆಟ್ಟಿಗೆ ತೆರೆಯಿತು. ಒಳಗೆ ಅಕ್ಕನ ರೆಕಾರ್ಡುಗಳು ಒಂದು, ಎರಡು, ಮೂರು ಎಂದು ಸಾಲಾಗಿ ನಿಂತಿದ್ದವು. ಜೆರಾಕ್ಸಿಗೆ ಬಂದ ನಾಲ್ಕು ಜನರ ಎದುರಿಗೆ ಅತ್ತುಬಿಟ್ಟೆ.

ಮೂರು ಪೆನ್‌ಡ್ರೈವಿಗೆ ಪ್ರತಿ ತೆಗೆಸಿಕೊಂಡೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಸಿಸ್ಟಂ ಹಾಕುವಾಗ ಒಳಗಿನ ಸೆಟ್ಟಿಂಗ್ ಏನಾದರೂ ಬದಲಾಯಿಸಿದಿರಾ ಎಂದು ಅವರು ಕೇಳಿದರು. ಏನೂ ಇಲ್ಲ ಎಂದೆ. ಹೌದು ಎಂದರೆ ಬೈಯುತ್ತಾರೇನೋ ಎಂದು ಭಯ.

ಮನೆಗೆ ಬಂದು ಎಣಿಸಿದೆ. ಮುನ್ನೂರ ಎಂಬತ್ತು ಇವೆ. ಇರಬೇಕಾದದ್ದು ನಾನೂರು.

ಜೂನ್ ೭, ಶನಿವಾರ

ಮೊದಲು ಮಾತಿನ ಮೇಡಂ ಹತ್ತಿರ ಹೋದೆ. ಧ್ವನಿ ಕಟ್ಟಲು ಮುನ್ನೂರ ಎಂಬತ್ತು ಸಾಕು, ಮೂರು ವಾರ ಹಿಡಿಯುತ್ತದೆ ಎಂದರು. ಉಳಿದ ಇಪ್ಪತ್ತು ಪಟ್ಟಿಯಲ್ಲಿ ಖಾಲಿ ಗೆರೆಗಳಂತೆ. ರೋಗಿ ತನಗೆ ಬೇಕಾದ್ದನ್ನು ಹೇಳಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಅವನ್ನು ಯಂತ್ರ ಕಟ್ಟುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸುತ್ತದೆ. ಅಕ್ಕ ಅವನ್ನು ಆಸ್ಪತ್ರೆ ಸೇರುವ ಹಿಂದಿನ ಮಧ್ಯಾಹ್ನ ಹೇಳಿದ್ದಳಂತೆ.

ಅಕ್ಕ ನನ್ನನ್ನು ನೋಡಿದವಳೇ ಸ್ಲೇಟಿನಲ್ಲಿ ಬರೆದಳು, ಕೊನೇ ಇಪ್ಪತ್ತು ಕೇಳಿದ್ಯಾ? ತಲೆಯಾಡಿಸಿದೆ. ಸ್ಲೇಟು ಕೆಳಗಿಟ್ಟು ನನ್ನ ಕಿವಿ ಹಿಡಿದಳು. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಇದು ಅವಳಿಗೊಬ್ಬಳಿಗೇ ಗೊತ್ತು. ಇನ್ನು ದಾರಿಯಿಲ್ಲ ಎಂದು ಸೋಮವಾರದಿಂದ ಶುಕ್ರವಾರದವರೆಗೆ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮೆಲ್ಲಗೆ ಮಾತಾಡಿ ಎಂದು ನರ್ಸ್ ಎರಡು ಸಲ ಬಂದು ಹೇಳಿಹೋದರು.

ಮೊದಲನೇ ಸಾಲು ಯಾಕೆ ಬಿಟ್ಟೆ ಎಂದು ಬರೆದಳು. ಅಪ್ಪನ ಮಾತು ನೆನಪಿಸಿದೆ. ಬಳಪ ಮುರಿಯುವಷ್ಟು ಒತ್ತಿ ಬರೆದಳು.

"ಅಪ್ಪ ಹೇಳಿದ್ದು ಬೀಗಕ್ಕೆ. ನಾನು ಬೀಗಾನಾ?"

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಲ್ಯಾಪ್‌ಟಾಪಿಗಿಂತ ಆ ಬೆನ್ನು ನೋಡಿ ಹೆಚ್ಚು ಹೆದರಿದೆ. ಗಂಟೆ ಆರಾಗುವವರೆಗೂ ಅಲ್ಲೇ ನಿಂತಿದ್ದೆ.

ಜೂನ್ ೯, ಸೋಮವಾರ

ಅಕ್ಕ ಮನೆಗೆ ಬಂದಳು. ಮೂಗಿನ ನಳಿಕೆ ತೆಗೆದಿದ್ದಾರೆ.

ಕತ್ತಿನ ತೂತನ್ನು ದಿನಕ್ಕೆ ಎರಡು ಸಲ ಶುಚಿ ಮಾಡಬೇಕು. ಹೇಗೆಂದು ನರ್ಸ್ ಹೇಳಿಕೊಟ್ಟಿದ್ದರು. ಆಗ ಹೂಂ ಹೂಂ ಅಂದಿದ್ದೆ, ಕಣ್ಣು ಬೇರೆ ಕಡೆ ಇತ್ತು. ಇವತ್ತು ಬಟ್ಟೆ ಸರಿಸಿ ಕೈ ಹಿಂದೆಳೆದುಕೊಂಡೆ. ಎಲ್ಲಿ ತಗುಲಿ ಉಸಿರು ನಿಲ್ಲುತ್ತದೋ ಎಂದು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡು ಸ್ಲೇಟಿನಲ್ಲಿ, ಅರ ಹಿಡಿಯೋ ಕೈ ತಾನೇ ಎಂದು ಬರೆದಳು. ಹಿಡಿದೇ ಇದ್ದಳು. ಆಯಿತು.

ಸ್ಲೇಟು ಕೈಗೆ ಸಿಗದಾಗ ಎಂದು ಒಂದು ಏರ್ಪಾಡು ಮಾಡಿಕೊಂಡೆವು. ಹಳೆಯ ಕೀ ಗೊಂಚಲು ಒಂದು ಸಲ ಅಲ್ಲಾಡಿಸಿದರೆ ಬಾ ಎಂದು, ಎರಡು ಸಲ ಬೇಡ ಎಂದು, ಬಿಡದೆ ಅಲ್ಲಾಡಿಸಿದರೆ ಬೈಗುಳ. ಸಂಜೆಯ ಹೊತ್ತಿಗೆ ಮೂರನೆಯದೇ ಹೆಚ್ಚಾಯಿತು.

ಆ ಇಪ್ಪತ್ತು ಮಾತು ಏನು, ಈಗ ಬರೆದುಕೊಡು ಎಂದೆ. ಎರಡು ಸಲ ಅಲ್ಲಾಡಿಸಿದಳು. ಹೋಗಲಿ, ಯಾರಿಗೆ ಹೇಳಿದ್ದು ಎಂದೆ. ನನ್ನ ಕಡೆ ಬೆರಳು ಮಾಡಿದಳು.

ನನಗೆ ಹೇಳಿದ್ದನ್ನು ನಾನೇ ಕಳೆದಿದ್ದೇನೆ.

ಜೂನ್ ೧೧, ಬುಧವಾರ

ಜೆರಾಕ್ಸ್ ಅಂಗಡಿಯವರು ಬಂದಿದ್ದರು. ಆ ಇಪ್ಪತ್ತನ್ನು ಅಕ್ಕ ಸೇವ್ ಮಾಡಿರಲಿಕ್ಕಿಲ್ಲ, ರೆಕಾರ್ಡ್ ಮಾಡುವ ಪ್ರೋಗ್ರಾಂ ತೆರೆದಿದ್ದಾಗಲೇ ಮುಚ್ಚಳ ಹಾಕಿರಬೇಕು ಎಂದರು. ಹಾಗಿದ್ದರೆ ಅವು ಮಲಗಿರುವ ಸಿಸ್ಟಂನ ನಿದ್ದೆಯೊಳಗೇ ಇವೆ. ಅದು ತಾನಾಗಿ ಏಳಬೇಕು, ಏಳುವುದಕ್ಕೆ ಬಾಗಿಲು ಕಾಣುತ್ತಿಲ್ಲ. ಬಲವಂತವಾಗಿ ಡಿಸ್ಕ್ ತೆರೆದರೆ ನಿದ್ದೆ ಹರಿದು ಇಪ್ಪತ್ತೂ ಹೋಗುತ್ತವೆ. ಹಾಗೆಂದು ಕಾಯುತ್ತ ಕೂರುವಂತೆಯೂ ಇಲ್ಲ. ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದೆ, ಹೆಚ್ಚು ದಿನ ಬಾಳುವ ಲಕ್ಷಣವಲ್ಲ ಎಂದರು. ನನಗಂತೂ ಊಟಕ್ಕೆ ಕೂತರೂ ಅದೇ ಟಿಕ್ ಟಿಕ್ ಕೇಳುತ್ತದೆ.

ಬಲವಂತ ಮಾಡಿ ತೆಗೆದ ಬೀಗ ಮತ್ತೆ ಬೀಗವಾಗುವುದಿಲ್ಲ ಎಂದೆ. ಅಕ್ಕನೂ ಸ್ಲೇಟಿನಲ್ಲಿ ಅದನ್ನೇ ಬರೆದಳು. ಹಾಗಾದರೆ ಏನು ಮಾಡೋಣ ಎಂದೆ. ಒರೆಸಿ, ತಡೆ, ಹೆದರಿದವನ ಕೈಗೆ ಇಕ್ಕಳ ಕೊಡಬಾರದು ಎಂದು ಬರೆದಳು. ನಾನೇನು ಹೆದರಿಲ್ಲ ಎಂದೆ. ಕಿವಿ ನೋಡಿ ನಕ್ಕಳು.

ಈ ಮಾತಿನ ಮಧ್ಯೆ ಒಬ್ಬ ಹೆಂಗಸು ಸೂಟ್‌ಕೇಸ್ ಹಿಡಿದುಕೊಂಡು ಬಂದರು. ನಂಬರ್ ಬೀಗ, ನಂಬರು ಮರೆತಿದೆ, ಹೊರಡಲು ಎರಡು ಗಂಟೆ ಇದೆ ಎಂದು ಅಳುವ ಹಾಗಿದ್ದರು. ಗಾಬರಿಯಾಗಬೇಡಿ, ಮರೆತಿರುವುದು ನೀವು, ಬೀಗಕ್ಕೆ ಎಲ್ಲ ನೆನಪಿದೆ ಎಂದು ಹೇಳಿ, ಒಂದೊಂದು ಚಕ್ರ ಎಲ್ಲಿ ಬಿಗಿಯಾಗುತ್ತದೆ ಎಂದು ಅವರ ಬೆರಳಿನಿಂದಲೇ ಹುಡುಕಿಸಿದೆ. ತೆರೆದಾಗ ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಮತ್ತೆ ಹೆದರಿಕೆಗೆ ವಾಪಸ್ ಬಂದೆ.

ಜೂನ್ ೧೨, ಗುರುವಾರ

ಅಕ್ಕ ಬೆಳಿಗ್ಗೆ ಆ ಒಂಬತ್ತು ಸಾಲಿನ ಕಾಗದ ಕೇಳಿದಳು. ಕನ್ನಡಕ ಹಾಕಿಕೊಂಡು, ಕೆಟ್ಟ ಬೀಗ ನೋಡುವಂತೆ ತಿರುಗಿಸಿ ತಿರುಗಿಸಿ ಓದಿದಳು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ಲ್ಯಾಪ್‌ಟಾಪ್ ಆನ್ ಆಗುವಾಗ ಸೆಟ್ಟಿಂಗಿಗೆ ಹೋಗಿ, ಶುರುವಾಗುವ ಪದ್ಧತಿ ಹಳೆಯದು ಎಂದಿದ್ದರೆ ಹೊಸದಕ್ಕೆ ಬದಲಿಸಿ ಎಂದಿತ್ತು. ಪಕ್ಕದಲ್ಲಿ ನನ್ನದೇ ಪೆನ್ಸಿಲ್ ಗುರುತು.

"ಹೋಗೋವಾಗ ತಿರುಗಿಸಿದ್ದನ್ನ ಬರೋವಾಗ ತಿರುಗಿಸಿದ್ಯಾ?" ಎಂದು ಸ್ಲೇಟಿನಲ್ಲಿ ಕೇಳಿದಳು.

ಅಪ್ಪ ಇದ್ದಿದ್ದರೆ ಗೆಣ್ಣಿನ ಮೇಲೆ ಕೊಡುತ್ತಿದ್ದರು. ಬಿಚ್ಚಿದ ದಾರಿಯಲ್ಲೇ ಜೋಡಿಸಬೇಕು ಎಂಬುದು ನಾವು ಕಲಿತ ಮೊದಲ ಪಾಠ. ಹೊಸ ಸಿಸ್ಟಂ ಸರಿಯಾಗಿ ಕೂತರೆ ಸಾಕು ಎಂಬ ಆತುರದಲ್ಲಿ ಈ ಸೆಟ್ಟಿಂಗ್ ಮುಟ್ಟಿದ್ದನ್ನೇ ಮರೆತಿದ್ದೆ. ಕೇಳಿದವರಿಗೆ ಏನೂ ಮುಟ್ಟಿಲ್ಲ ಎಂದು ಹೇಳಿ, ಆಮೇಲೆ ಅದನ್ನು ನಾನೇ ನಂಬಿದ್ದೆ.

ಚಪ್ಪಲಿ ಹಾಕದೆ ರಸ್ತೆ ದಾಟಿದೆ. ಜೆರಾಕ್ಸ್ ಅಂಗಡಿಯವರು ಹಣೆ ಚಚ್ಚಿಕೊಂಡರು. "ಅಣ್ಣಾ, ಏನೂ ಬದಲಾಯಿಸಿಲ್ಲ ಅಂದ್ರಲ್ಲ ನೀವು." ತಪ್ಪು ನನ್ನದೇ, ಬೈಯುತ್ತೀರೆಂದು ಸುಳ್ಳು ಹೇಳಿದೆ ಎಂದೆ. ಅವರು ಬೈಯಲಿಲ್ಲ. ಹಳೆಯ ಸಿಸ್ಟಂಗೆ ಹಳೆಯ ಪದ್ಧತಿಯ ಬಾಗಿಲೊಂದೇ ಗೊತ್ತು, ನೀವು ಅದನ್ನು ಮುಚ್ಚಿ ಹೊಸದರ ಬಾಗಿಲು ತೆರೆದಿದ್ದೀರಿ, ಮತ್ತೆ ತಿರುಗಿಸಿದರೆ ಎದ್ದು ಬರುತ್ತದೆ ಎಂದರು. ಆದರೆ ಒಂದು ಮಾತು ಹೇಳಿದರು. ಇಷ್ಟು ಹಳೆಯ ಡಿಸ್ಕ್ ಏಳುವಾಗ ಎಡವಿದರೆ ನಿದ್ದೆಯನ್ನು ಅಲ್ಲೇ ಎಸೆದು ಹೊಸದಾಗಿ ಶುರುವಾಗುತ್ತದೆ. ಬ್ಯಾಟರಿ ಈಗ ಪೂರ್ತಿ ಸತ್ತಿದೆ, ಆ ಹೊತ್ತಿಗೆ ಕರೆಂಟ್ ಹೋದರೂ ಅದೇ ಗತಿ. ಎರಡನೆಯ ಅವಕಾಶವಿಲ್ಲ.

ಜೂನ್ ೧೩, ಶುಕ್ರವಾರ

ಇವತ್ತು ಮಾಡಲಿಲ್ಲ. ಎರಡು ಸಲ ಸ್ವಿಚ್ಚಿನವರೆಗೆ ಹೋಗಿ ಬಂದೆ. ಶಟರಿನ ಕೀಗೆ ಡೂಪ್ಲಿಕೇಟ್ ಕೊರೆದು ಅವಳ ಗೊಂಚಲಿಗೆ ಹಾಕಿಕೊಟ್ಟೆ, ಸುಮ್ಮನೆ ಕೂರಲಾಗದೆ.

ಜೂನ್ ೧೪, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಅಕ್ಕನೇ ಲ್ಯಾಪ್‌ಟಾಪ್ ತಂದು ವೈಸಿನ ಪಕ್ಕ ಇಟ್ಟಳು. ಫ್ಯಾನು, ದೀಪ, ಕೊರೆಯುವ ಯಂತ್ರ ಎಲ್ಲ ಆರಿಸಿದೆ, ಅದರಿಂದ ಕರೆಂಟ್ ಹೋಗುವುದು ತಪ್ಪುತ್ತದೆ ಎಂಬಂತೆ. ಆನ್ ಮಾಡಿ, ಸೆಟ್ಟಿಂಗಿಗೆ ಹೋಗಿ, ಹಳೆಯ ಪದ್ಧತಿ ಎಂಬುದಕ್ಕೆ ತಿರುಗಿಸಿದೆ. ಸೇವ್ ಮಾಡಲೇ ಎಂದು ಕೇಳಿತು. ಬೆರಳು ಮುಂದೆ ಹೋಗಲಿಲ್ಲ. ಅಕ್ಕ ಮೊನ್ನೆಯಂತೆ ನನ್ನ ಮಣಿಕಟ್ಟು ಹಿಡಿದಳು. ಒತ್ತಿದೆ.

ಪರದೆ ಕಪ್ಪಾಯಿತು. ಟಿಕ್ ಟಿಕ್. ಅಷ್ಟು ಹೊತ್ತು ನಾನು ಯಾವತ್ತೂ ಉಸಿರು ಬಿಗಿಹಿಡಿದಿಲ್ಲ. ಅಕ್ಕನ ಉಸಿರು ಮಾತ್ರ ಕತ್ತಿನ ಬಟ್ಟೆಯಲ್ಲಿ ಬಂದು ಹೋಗುವುದು ಕೇಳುತ್ತಿತ್ತು, ಅದನ್ನೇ ಎಣಿಸಿದೆ. ಇಪ್ಪತ್ತೆರಡಕ್ಕೆ ಟಿಕ್ ಟಿಕ್ ನಿಂತಿತು. ಹೋಯಿತು ಎಂದುಕೊಂಡೆ. ಮೂವತ್ತೊಂದಕ್ಕೆ ಪರದೆಯ ಮೇಲೆ ಎದ್ದೇಳುತ್ತಿದೆ ಎಂಬ ಅಕ್ಷರ ಮೂಡಿತು. ನಲವತ್ತಕ್ಕೆ ಅಕ್ಕ ಬಿಟ್ಟುಹೋಗಿದ್ದ ಪ್ರೋಗ್ರಾಂ ಬಿಟ್ಟುಹೋಗಿದ್ದ ಹಾಗೇ ಕಣ್ಣು ತೆರೆಯಿತು. ಕೆಳಗೆ ಇಪ್ಪತ್ತು ಸಾಲು, ಒಂದೂ ಸೇವ್ ಆಗಿಲ್ಲ.

ಸೇವ್ ಮಾಡಿದೆ. ಮೂರು ಪೆನ್‌ಡ್ರೈವಿಗೆ ತೆಗೆದೆ. ನಾಲ್ಕನೆಯದಕ್ಕೂ ತೆಗೆದೆ. ಆಮೇಲೆ ಕೇಳಲು ಕೂತೆವು.

ಏನೋ ದೊಡ್ಡ ಮಾತಿರುತ್ತದೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಶಟರ್ ಎಳೆದ ಮೇಲೆ ಒಂದು ಸಲ ಅಲ್ಲಾಡಿಸಿ ನೋಡು. ಕನ್ನಡಕ ತಲೆ ಮೇಲಿದೆ. ಹಾಲು ಉಕ್ಕುತ್ತಿದೆ. ಗಿರಾಕಿ ಮುಖ ನೋಡು, ಬೀಗದ ಮುಖ ಆಮೇಲೆ ನೋಡಿದರಾಯಿತು. ಊಟ ಆಯ್ತಾ? ದಿನಾ ಅಂದದ್ದೇ. ಹತ್ತೊಂಬತ್ತೂ ಹೀಗೇ. ಅಕ್ಕನ ಧ್ವನಿ, ಯಂತ್ರ ಕಟ್ಟಿದ್ದಲ್ಲ, ಅವಳದೇ. ಕಣ್ಣೊರೆಸಿಕೊಂಡು ಇಪ್ಪತ್ತನೆಯದನ್ನು ಒತ್ತಿದೆ.

"ಪುಟ್ಟಾ, ನಾನು ಪಕ್ಕದಲ್ಲಿ ಇಲ್ದೇ ಇದ್ದಾಗ..." ಎಂದು ಶುರು ಮಾಡುತ್ತಾಳೆ. ಅಷ್ಟರಲ್ಲಿ ದೂರದಿಂದ ಇನ್ನೊಂದು ಧ್ವನಿ. "ಅಕ್ಕಾ, ಯಾರೋ ಬಂದಿದ್ದಾರೆ. ನೀನೇ ಬಾ, ನನಗಾಗಲ್ಲ."

ಅದು ನನ್ನ ಧ್ವನಿ. ಕುರ್ಚಿ ಸರಿದ ಸದ್ದು. ಬಂದೆ ಎಂದು ಅಕ್ಕ ಅನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಆ ಮಧ್ಯಾಹ್ನ ನನಗೆ ನೆನಪಿದೆ. ಯಾರೋ ಟ್ರಂಕಿನ ಕೀ ಮಾಡುತ್ತೀರಾ ಎಂದು ಕೇಳಿದ್ದರು, ಅಷ್ಟೇ. ಹೌದು ಎನ್ನಲು ಅವಳು ಎದ್ದು ಬರಬೇಕಾಯಿತು. ಸೇವ್ ಮಾಡದೆ ಮುಚ್ಚಳ ಹಾಕಿದ್ದು ಅದಕ್ಕೆ. ಆ ಅರ್ಧ ಮಾತನ್ನು ಅವಳ ಧ್ವನಿಯಲ್ಲಿ ಇನ್ನು ಯಾವ ಡಿಸ್ಕಿನಿಂದಲೂ ಎಬ್ಬಿಸುವಂತಿಲ್ಲ. ಕ್ಷಮಿಸು ಅಕ್ಕಾ ಎಂದೆ. ಉಳಿದರ್ಧ ಏನಿತ್ತು, ಹೇಳು ಎಂದೆ. ಸ್ಲೇಟು ತೆಗೆದುಕೊಂಡಳು.

ಆಗ ಹೊರಗೆ ಯಾರೋ ಕರೆದರು. ಬಂದೆ ಎಂದು ಎದ್ದು ಹೋದೆ. ಕಬ್ಬಿಣದ ಬೀರುವಿನ ಕೀ ಮುರಿದು ಅರ್ಧ ಒಳಗೇ ಉಳಿದಿತ್ತು ಅವರಿಗೆ. ಬೀರು ಯಾವ ಕಾಲದ್ದು, ಎಣ್ಣೆ ಯಾವಾಗ ಬಿಟ್ಟಿದ್ದು ಎಂದೆಲ್ಲ ಕೇಳಿ, ಮುರಿದ ಚೂರು ತೆಗೆಯುವುದು ಹೇಗೆಂದು ಹೇಳಿ, ನಾಳೆ ಬೆಳಿಗ್ಗೆ ಮನೆಗೇ ಬರುತ್ತೇನೆಂದು ಒಪ್ಪಿಸಿ ಕಳಿಸುವಾಗ ಅರ್ಧ ಗಂಟೆಯಾಗಿತ್ತು.

ಒಳಗೆ ಬಂದರೆ ಅಕ್ಕ ಭುಜ ಕುಲುಕಿಸಿ ನಗುತ್ತಿದ್ದಳು, ಕಣ್ಣಲ್ಲಿ ನೀರು ಬೇರೆ. ಮಡಿಲಲ್ಲಿ ಸ್ಲೇಟು, ಬರೆದದ್ದನ್ನು ಒರೆಸಿದ ಗುರುತು. ಉಳಿದರ್ಧ ಹೇಳು ಎಂದೆ. ಇನ್ನು ಬೇಕಾಗಿಲ್ಲ ಎಂದು ಬರೆದಳು. ಯಾಕೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಅಕ್ಕನ ಈ ಅಭ್ಯಾಸವೇ ನನಗಾಗದು. ನಾಳೆ ಬೀರು ಕೆಲಸ ಮುಗಿಸಿ ಬಂದು ಮತ್ತೆ ಕೇಳಬೇಕು.